ಹಿಮೇಜಿ ಕೋಟೆ ಅಸಲಿಯೇ, ಒಂದು ದಿನ ಸಾಕೇ?
ಜಪಾನಿನ ಒಸಾಕಾದ ಕೋಟೆಯಂತೆ ಅಲ್ಲಿನ ಹಿಮೇಜಿಯದೂ ಕಾಂಕ್ರೀಟಿನ ಮರುನಿರ್ಮಾಣವೇ, ತಾಯಿಯವರೊಡನೆ ಒಂದು ದಿನದಲ್ಲಿ ನೋಡಿಬರಬಹುದೇ ಎಂದು ಕೇಳಿದ್ದೀರಿ. ಹಿಮೇಜಿಯದು ಮರುನಿರ್ಮಾಣವಲ್ಲ, ಅಲ್ಲಿನ ಪ್ರಭು ಇಕೆದಾ ತೆರುಮಾಸಾ 1609ರಲ್ಲಿ ಪೂರ್ಣಗೊಳಿಸಿದ ಮರದ ಮುಖ್ಯ ಗೋಪುರವೇ, 1945ರ ಬಾಂಬ್ ದಾಳಿಯಲ್ಲಿ ಸುತ್ತಲಿನ ನಗರ ಸುಟ್ಟುಹೋದರೂ ಉಳಿದುಕೊಂಡು, ಹಲವು ದುರಸ್ತಿಗಳನ್ನು ಕಂಡು, 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಬಿಳಿ ಗೋಡೆಗಳಲ್ಲಿ ಬಾಣ, ಬಂದೂಕುಗಳಿಗೆಂದು ಬಿಟ್ಟಿರುವ ವೃತ್ತ, ತ್ರಿಕೋನ, ಆಯತಾಕಾರದ ಕಿಂಡಿಗಳನ್ನು ಗಮನಿಸಿ. ಗೋಪುರದೊಳಗೆ ಪಾದರಕ್ಷೆ ಕಳಚಿ, ಏಣಿಯಷ್ಟು ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕಾಗುವುದರಿಂದ, ತಾಯಿಯವರಿಗೆ ಮಂಡಿನೋವಿದ್ದರೆ ಪಶ್ಚಿಮದ ಆವರಣವೇ ಸೂಕ್ತ. ಒಸಾಕಾ ಕೋಟೆ 1615ರಲ್ಲಿ ಪತನವಾದಾಗ ಪತಿಯನ್ನು ಕಳೆದುಕೊಂಡ ಶೋಗನ್‌ನ (ಜಪಾನನ್ನು ಆಳುತ್ತಿದ್ದ ಸೇನಾಧಿಪತಿಯ) ಪುತ್ರಿ ಸೆನ್, ಹಿಮೇಜಿಯ ಪ್ರಭುವಿನ ಮಗ ಹೊಂಡಾ ತಾದಾತೋಕಿಯನ್ನು ಮರುವಿವಾಹವಾಗಿ ಬಾಳಿದ್ದು ಇಲ್ಲಿಯೇ. ನನ್ನ ಮಟ್ಟಿಗೆ ಗೋಪುರಕ್ಕಿಂತ ಪಶ್ಚಿಮದ ಆವರಣದ ಉದ್ದನೆಯ ಮರದ ಪಡಸಾಲೆಯೇ ಹೆಚ್ಚು ಆಪ್ತ. ಪಕ್ಕದ ಕೋಕೋ-ಎನ್ ಉದ್ಯಾನವನ್ನೂ ಸೇರಿಸಿಕೊಂಡರೆ ಒಂದು ದಿನ ಧಾರಾಳವಾಗಿ ಸಾಕು. ಸಮಯ ಮಿಕ್ಕರೆ ಬಸ್ಸು, ರೋಪ್‌ವೇ ಹಿಡಿದು ಶೋಶಾ ಬೆಟ್ಟದ ಎಂಗ್ಯೋಜಿ ದೇವಾಲಯಕ್ಕೂ ಹೋಗಬಹುದು.