ಅಳತೆ ಟೇಪು ತೆಗೆದ ಪೋಸ್ಟರ್

ಕಾಸರಗೋಡಿನ ಕುಂಬಳೆ ಕಡೆಯ ಹುಡುಗಿ, ವಯಸ್ಸು 19. ಗುರುತು ಸಿಗದಂತೆ ವಿವರಗಳನ್ನು ಅಷ್ಟಿಷ್ಟು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಬಂದದ್ದು ತನ್ನ ಕಷ್ಟ ಹೇಳಿಕೊಳ್ಳಲಿಕ್ಕಲ್ಲ. ಯುವತಿಯರ ಊಟದ ಕಾಯಿಲೆಗಳ ಬಗ್ಗೆ ಕಾಲೇಜಿನ ಎನ್ನೆಸ್ಸೆಸ್‌ಗೆ ಪೋಸ್ಟರ್ ಆಗಬೇಕಿತ್ತು. "ತಪ್ಪಿದ್ದರೆ ತಿದ್ದಿಕೊಡಿ ಮೇಡಂ" ಎಂದು ಚಾರ್ಟ್ ಹಾಳೆ ಬಿಚ್ಚಿದಳು.

ಎಲುಬು ಎಣಿಸಬಹುದಾದ ಹುಡುಗಿ, ಸೊಂಟಕ್ಕೆ ಅಳತೆ ಟೇಪು, ಕೆಂಪಕ್ಷರದಲ್ಲಿ ಅವಳ ತೂಕ. (ಆ ಅಂಕಿ ಇಲ್ಲಿ ಬೇಡ.) ಮೇಲೆ "ಆಹಾರ ಸೇವನಾ ವ್ಯತ್ಯಯ" ಎಂಬ ಶೀರ್ಷಿಕೆ. ವಿದ್ಯುತ್ ವ್ಯತ್ಯಯದ ಪ್ರಕಟಣೆ ಇದ್ದ ಹಾಗಿದೆಯಲ್ಲ ಎಂದೆ. ನಕ್ಕಳು. ನಗುವಾಗ ಬಾಯಿಗೆ ಅಡ್ಡ ಹಿಡಿದ ಬಲಗೈಯ ಬೆರಳಗೆಣ್ಣಿನ ಮೇಲೆ ಚರ್ಮ ದಡ್ಡುಗಟ್ಟಿತ್ತು.

ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡುವವರಿಗೆ ಹಲ್ಲು ತಾಗಿ ತಾಗಿ ಆಗುವ ಗುರುತು ಅದು. ಮುಗಿಬಿದ್ದು ತಿಂದು, ಆಮೇಲೆ ವಾಂತಿ ಮುಂತಾದ ದಾರಿಯಿಂದ ಅದನ್ನು ಹೊರಹಾಕುವ ಕಾಯಿಲೆ ಬುಲಿಮಿಯಾ. 1979ರಲ್ಲಿ ಅದನ್ನು ವಿವರಿಸಿದ ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಹೆಸರೇ ಆ ಗುರುತಿಗೂ ಇದೆ. ಕಂಡದ್ದನ್ನು ನಾನು ಆಡಲಿಲ್ಲ. "ಕಾಯಿಲೆ ಇರುವವಳು ಈ ಚಿತ್ರ ನೋಡಿದರೆ ಏನೆಂದುಕೊಂಡಾಳು?" ಎಂದು ಮಾತ್ರ ಕೇಳಿದೆ. ಹಾಳೆಯ ಮೂಲೆಯನ್ನು ಸುರುಳಿ ಸುತ್ತುತ್ತ, ಬಿಡಿಸುತ್ತ ತುಂಬ ಹೊತ್ತು ಕೂತಳು.

"ನಾನು ಇಷ್ಟು ಸಪೂರ ಇಲ್ಲವಲ್ಲ, ಹಾಗಾದರೆ ನನಗೇನೂ ಆಗಿಲ್ಲ, ಅಂತ."

ಬುಲಿಮಿಯಾದಲ್ಲಿ ತೂಕ ಹೆಚ್ಚಾಗಿ ಸಾಧಾರಣವೇ ಇರುತ್ತದೆ. ಮನೆಯವರಿಗೆ ಗೊತ್ತಾಗದಿರುವುದೂ ಅದಕ್ಕೇ. ಇವಳಿಗೆ ಪ್ಲಸ್ ಟು ಮುಗಿದ ವರ್ಷ ಮದುವೆಮನೆಯಲ್ಲಿ ಯಾರೋ "ತೋರ ಆಗಿದ್ದಿಯಲ್ಲ" ಅಂದಿದ್ದರು. ಅದೊಂದೇ ಕಾರಣ ಅನ್ನಲಾರೆ. ಆಮೇಲೆ ಹಗಲೆಲ್ಲ ಉಪವಾಸ. ಎಲ್ಲರೂ ಮಲಗಿದ ಮೇಲೆ ತಣ್ಣಗಿನ ಕುಚ್ಚಲಕ್ಕಿ ಅನ್ನ, ಡಬ್ಬಿಯಲ್ಲಿದ್ದಷ್ಟೂ ಹಲಸಿನ ಹಪ್ಪಳ, ಕೊನೆಗೆ ಬಚ್ಚಲು.

ಮೊದಲು ವೈದ್ಯರಲ್ಲಿಗೆ ಕಳಿಸಿದೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಾಳ ತಪ್ಪೀತು. ರಕ್ತಪರೀಕ್ಷೆ, ಇಸಿಜಿ ಆಗಲೇಬೇಕು. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡ, ಆಮ್ಲಕ್ಕೆ ಮೆತ್ತಗಾದ ಎನಾಮಲ್ ಸವೆಯುತ್ತದೆ, ಬಾಯಿ ಮುಕ್ಕಳಿಸಿದರೆ ಸಾಕು ಎಂದೆ. ಹಗಲು ಹಸಿದಿರುವುದರಿಂದಲೇ ರಾತ್ರಿ ಮುಗಿಬೀಳುವುದು. ಹಾಗಾಗಿ 3–4 ಗಂಟೆಗೊಮ್ಮೆ ಏನಾದರೂ ತಿನ್ನಬೇಕು; ಹಿಂದಿನ ರಾತ್ರಿ ಏನೇ ಆಗಿರಲಿ, ಬೆಳಗಿನ ತಿಂಡಿ ಬಿಡಬಾರದು. ಹೇಳುವುದು ಸುಲಭ, ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಅವಳು ಒಪ್ಪಿದ ಮೇಲೆ ತಾಯಿಯನ್ನೂ ಕರೆಸಿದೆ: ತಟ್ಟೆಗೆ ಕಾವಲು ಕೂರಬೇಡಿ, ಉಂಡ ಮೇಲೆ ಅರ್ಧ ಗಂಟೆ ಜೊತೆಗೆ ಕೂತು ಮಾತಾಡಿ, ಮೈಯ ವಿಷಯವೊಂದು ಬಿಟ್ಟು. ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಪೋಸ್ಟರ್ ಕೆಲಸ ನಿಲ್ಲಿಸೋಣವೇ ಎಂದರೆ ಒಪ್ಪಲಿಲ್ಲ. ಟೇಪು, ತೂಕ, ಕ್ಯಾಲೊರಿ ಲೆಕ್ಕ ಎಲ್ಲ ತೆಗೆಸಿದೆ. ನಮಗೆ ಎಚ್ಚರಿಕೆಯಾಗಿ ಕಾಣುವ ಅಂಕಿ ಕಾಯಿಲೆಯವಳಿಗೆ ಗುರಿಯಾಗಿಬಿಡುತ್ತದೆ. ಹೊಸದರಲ್ಲಿ ಹುಡುಗಿಯೇ ಇಲ್ಲ. ಚಾಪೆಯ ಮೇಲೆ ಎದುರುಬದುರು ಎರಡು ಗಂಜಿ ಬಟ್ಟಲು. "ತಿಂದದ್ದಕ್ಕೆ ನಾಚಿಕೆ ಆಗ್ತದಾ? ಒಬ್ಬರಿಗಾದರೂ ಹೇಳು." ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಮಲಯಾಳದಲ್ಲೂ ತಾನೇ ಬರೆದಳು. ನೋಟಿಸ್ ಬೋರ್ಡು ಬೇಡವೆಂದು ಹಟ ಮಾಡಿ ಹುಡುಗಿಯರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿದಳು. ಅಲ್ಲಿ ಓದುವವಳನ್ನು ಯಾರೂ ನೋಡುವುದಿಲ್ಲವಂತೆ.

ಈಗ ನಾಲ್ಕು ತಿಂಗಳು. ಕಳೆದ ವಾರ ಮತ್ತೊಮ್ಮೆ ವಾಂತಿ ಮಾಡಿದಳಂತೆ. ಬೆಳಗ್ಗೆ ಎದ್ದು ಎರಡು ನೀರುದೋಸೆ ತಿಂದೆ ಎಂದಳು.