ಐನೂರು ಪ್ರಾಬ್ಲಂ ಮಾಡಿದ ಮೇಲೂ ರಿಜೆಕ್ಟ್ ಏಕೆ?

ಓದುಗರ ಪತ್ರ: ಆರು ವರ್ಷದಿಂದ ಸರ್ವಿಸ್ ಕಂಪನಿಯಲ್ಲಿ ಜಾವಾ ಕೆಲಸ ಮಾಡುತ್ತಿದ್ದೇನೆ. ಲೀಟ್‌ಕೋಡ್ ಎಂಬ ಕೋಡಿಂಗ್ ಅಭ್ಯಾಸದ ಸೈಟಿನಲ್ಲಿ ಐನೂರು ಪ್ರಾಬ್ಲಂ ಮುಗಿಸಿದ್ದೇನೆ. ಆದರೂ ದೊಡ್ಡ ಪ್ರಾಡಕ್ಟ್ ಕಂಪನಿಗಳ ಕೋಡಿಂಗ್ ರೌಂಡ್‌ನಲ್ಲಿ ಎರಡು ಸಲ ರಿಜೆಕ್ಟ್ ಆದೆ. ಉತ್ತರ ಬರೆದಿದ್ದೆ. ಇನ್ನೆಷ್ಟು ಮಾಡಬೇಕು? ನೋಟಿಸ್ 90 ದಿನ. ಈಗಲೇ ರಾಜೀನಾಮೆ ಕೊಡಲೇ?

ಸಂಪಾದಕರ ಉತ್ತರ:

ಹೊಸ ಪ್ರಾಬ್ಲಂ ಇನ್ನು ಬೇಡ. ಮಾಡಿದ್ದರಲ್ಲೇ ಐವತ್ತು ಆರಿಸಿಕೊಂಡು, ರನ್ ಬಟನ್ ಇಲ್ಲದ ಖಾಲಿ ಫೈಲಿನಲ್ಲಿ, ಬಾಯಿಬಿಟ್ಟು ವಿವರಿಸುತ್ತ ಮತ್ತೆ ಬರೆಯಿರಿ. ನೀವು ಸೋತಿರುವುದು ಬಹುಶಃ ಉತ್ತರದಲ್ಲಲ್ಲ, ಮೌನದಲ್ಲಿ.

ಒಂದು ರೌಂಡ್ ಸಾಮಾನ್ಯವಾಗಿ 45 ನಿಮಿಷ. ಪರಿಚಯಕ್ಕೂ ಕೊನೆಯಲ್ಲಿ ನಿಮ್ಮ ಪ್ರಶ್ನೆಗಳಿಗೂ ಹತ್ತು ನಿಮಿಷ ಹೋದರೆ ಉಳಿಯುವುದು 35. ಎದುರಿಗಿರುವವರು ಆಮೇಲೆ ನಿಮ್ಮ ಬಗ್ಗೆ ವರದಿ ಬರೆಯಬೇಕು. ಗೂಗಲ್‌ನಲ್ಲಂತೂ ನಿಮ್ಮನ್ನು ಕಂಡೇ ಇರದ ಹೈರಿಂಗ್ ಕಮಿಟಿ ಆ ವರದಿಗಳನ್ನು ಓದಿ ತೀರ್ಮಾನಿಸುತ್ತದೆ. ಅರ್ಧ ಗಂಟೆ ಸುಮ್ಮನೆ ಟೈಪ್ ಮಾಡಿದವರ ಬಗ್ಗೆ "ಕೋಡ್ ಸರಿ ಇತ್ತು" ಎನ್ನುವುದರಾಚೆ ಬರೆಯಲು ಏನಿರುತ್ತದೆ? ಪ್ರಾಬ್ಲಂ ಮೊದಲೇ ಗೊತ್ತಿತ್ತೇನೋ ಎಂಬ ಅನುಮಾನ ಬೇರೆ.

ಒಂದು ಪ್ರಶ್ನೆ ನೋಡಿ: ಅರೇಯಲ್ಲಿ (ಸಂಖ್ಯೆಗಳ ಸಾಲಿನಲ್ಲಿ), ಮೊತ್ತ 7 ಆಗುವಂಥ ಸಬ್‌ಅರೇಗಳು, ಅಂದರೆ ಪಕ್ಕಪಕ್ಕದ ಸಂಖ್ಯೆಗಳ ತುಂಡುಗಳು, ಎಷ್ಟಿವೆ? ಸ್ಲೈಡಿಂಗ್ ವಿಂಡೋ (ಸಾಲಿನ ಒಂದು ತುಂಡನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಸರಿಸುವುದು) ಎಂದು ಶುರು ಮಾಡುವವರೇ ಹೆಚ್ಚು. ಅದು ನಡೆಯುವುದು ಸಂಖ್ಯೆಗಳೆಲ್ಲ ಪಾಸಿಟಿವ್ ಇದ್ದಾಗ. ವಿಂಡೋ ಹಿಗ್ಗಿದಂತೆ ಮೊತ್ತ ಏರಲೇಬೇಕು, ಕುಗ್ಗಿದರೆ ಇಳಿಯಲೇಬೇಕು. ನೆಗೆಟಿವ್ ಒಂದು ನುಸುಳಿದರೂ ಈ ಭರವಸೆ ಹೋಯಿತು. ಹಾಗಾಗಿ "ನೆಗೆಟಿವ್ ಇರಬಹುದೇ? ಗರಿಷ್ಠ ಎಷ್ಟು ಸಂಖ್ಯೆಗಳು?" ಎಂದು ಮೊದಲು ಕೇಳಿ. ಒಂದು ಲಕ್ಷ ಎಂದರೆ, ಒಂದರೊಳಗೊಂದು ಲೂಪ್ ಹಾಕಿದಾಗ ಸುಮಾರು 500 ಕೋಟಿ ಹಂತ. ಅದು ನಡೆಯುವುದಿಲ್ಲ ಎಂದು ನೀವೇ ಹೇಳಿ, ಪ್ರಿಫಿಕ್ಸ್ ಸಮ್ (ಮೊದಲಿನಿಂದ ಅಲ್ಲಿಯವರೆಗಿನ ಮೊತ್ತ) ಮತ್ತು ಹ್ಯಾಶ್‌ಮ್ಯಾಪ್‌ಗೆ (ಯಾವ ಮೊತ್ತ ಎಷ್ಟು ಸಲ ಬಂತೆಂಬ ಪಟ್ಟಿಗೆ) ಬನ್ನಿ.

ಮುಗಿಸಿದ ಕೂಡಲೇ "ಆಯ್ತು" ಎನ್ನಬೇಡಿ. 3, 4, -7, 1, 3, 3 ಇಟ್ಟುಕೊಂಡು ಕೈಯಲ್ಲೇ ಓಡಿಸಿ ತೋರಿಸಿ. ಕೂಡುತ್ತ ಹೋದರೆ 3, 7, 0, 1, 4, 7. ಪ್ರತಿ ಸಲ ಅದರಿಂದ 7 ಕಳೆದು, ಬಂದದ್ದು ಮ್ಯಾಪ್‌ನಲ್ಲಿ ಎಷ್ಟು ಸಲ ಇದೆ ನೋಡುವುದು. ಉತ್ತರ 3. ಲೂಪಿಗೆ ಮುಂಚೆ ಮ್ಯಾಪ್‌ಗೆ "ಸೊನ್ನೆ, ಒಂದು ಸಲ" ಎಂದು ಹಾಕಲು ಮರೆತಿದ್ದರೆ 1 ಬರುತ್ತದೆ. ಅರೇಯ ಮೊದಲ ಅಂಶದಿಂದಲೇ ಹೊರಡುವ ಎರಡು ಸಬ್‌ಅರೇ ತಪ್ಪಿಹೋಗುತ್ತವೆ. ಈ ಬಗ್ ನೀವೇ ಹಿಡಿದರೆ ವರದಿಯಲ್ಲಿ ಅದು ನಿಮ್ಮ ಪರವಾಗಿ ಬೀಳುತ್ತದೆ, ಅವರು ಹಿಡಿದರೆ ಎದುರಾಗಿ. ಜಾವಾದವರಿಗೆ ಇನ್ನೊಂದು: ಮೊತ್ತ 2147483647 ದಾಟುವಂತಿದ್ದರೆ ಅದಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದ ಇಂಟ್ ಬಿಟ್ಟು ಲಾಂಗ್ ಬಳಸಿ.

ಸಿಸ್ಟಮ್ ಡಿಸೈನ್ (ದೊಡ್ಡ ಸಾಫ್ಟ್‌ವೇರ್‌ನ ಒಟ್ಟು ರಚನೆ ಹೇಗಿರಬೇಕೆಂದು ಯೋಜಿಸುವುದು) ಬಗ್ಗೆ ನೀವು ಕೇಳಿಲ್ಲ, ಆದರೆ ಆರು ವರ್ಷದ ಅನುಭವಕ್ಕೆ ಆ ರೌಂಡ್ ಬಂದೇ ಬರುತ್ತದೆ. ಪ್ರಾಜೆಕ್ಟ್ ಪ್ರಶ್ನೆಗಳೂ ಅಷ್ಟೇ. ಅಮೆಜಾನ್ ತನ್ನ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳ (ಕೆಲಸ ಮಾಡುವ ರೀತಿಯ ತತ್ವಗಳ) ಮೇಲೆ ಕೋಡಿಂಗ್ ರೌಂಡ್‌ನಲ್ಲೂ ಕೇಳುತ್ತದೆ. "ಟೀಮಿನಲ್ಲಿ ಮೈಗ್ರೇಶನ್ ಮಾಡಿದೆವು" ಎಂದರೆ ಸಾಲದು. ಯಾವ ನಿರ್ಧಾರ ನಿಮ್ಮದು, ಯಾವ ಕ್ವೆರಿ ನಿಧಾನವಿತ್ತು, ಎಷ್ಟು ಸೆಕೆಂಡಿನಿಂದ ಎಷ್ಟಕ್ಕೆ ಇಳಿಯಿತು, ಹೇಳಿ. ಇಂಥ ನಾಲ್ಕೈದು ಪ್ರಸಂಗ ಬರೆದಿಟ್ಟುಕೊಳ್ಳಿ.

ರಾಜೀನಾಮೆ ಈಗ ಖಂಡಿತ ಬೇಡ. ಫೋನಿನಲ್ಲಿ ರಿಕ್ರೂಟರ್ "ಕನ್ಫರ್ಮ್" ಎಂದರೂ ಅದು ಆಫರ್ ಅಲ್ಲ. ಆಫರ್ ಲೆಟರ್ ಕೈಗೆ ಬಂದು, ಜಾಯಿನಿಂಗ್ ದಿನಾಂಕಕ್ಕೆ ನಿಮ್ಮ 90 ದಿನ ಹೊಂದಿದ ಮೇಲೆ ಪೇಪರ್ ಹಾಕಿ. ಲೆಟರ್‌ನಲ್ಲಿ ಎರಡು ಸಾಲು ಹುಡುಕಿ: ವರ್ಷದೊಳಗೆ ಬಿಟ್ಟರೆ ಜಾಯಿನಿಂಗ್ ಬೋನಸ್ ವಾಪಸ್ ಕೊಡಬೇಕೇ, ಸಂಬಳದ ಜೊತೆ ಕಂಪನಿ ಕೊಡುವ ಶೇರುಗಳು ಯಾವ್ಯಾವ ವರ್ಷ ಎಷ್ಟೆಷ್ಟು ಸಿಗುತ್ತವೆ. ನಾಲ್ಕು ವರ್ಷಕ್ಕೆ ಹಂಚುವುದು ರೂಢಿ, ಆದರೆ ಸಮಪಾಲು ಆಗಿರಬೇಕೆಂದಿಲ್ಲ. ಶೇರು ಕೈಸೇರಿದ ದಿನದ ಬೆಲೆಯನ್ನು ಸಂಬಳವೆಂದೇ ಹಿಡಿದು ತೆರಿಗೆ ಹಾಕುತ್ತಾರೆ, ನೀವು ಮಾರಿರಲಿ ಬಿಡಲಿ.