ನ್ಯೂಜಿಲೆಂಡ್‌ನ ಕೆರಿಕೆರಿ ಮಿಷನ್ ಮನೆ ಮರದ್ದಾದರೂ ಇನ್ನೂರು ವರ್ಷ ಉಳಿದದ್ದು ಹೇಗೆ?

ಮುಖ್ಯ ಕಾರಣ, ಆ ಮನೆ ಖಾಲಿ ಬೀಳಲೇ ಇಲ್ಲ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ನಾಯಕ ಹೊಂಗಿ ಹಿಕನ ಆಶ್ರಯದಲ್ಲಿ ಮಿಷನರಿ ಜಾನ್ ಬಟ್ಲರ್ 1821–22ರಲ್ಲಿ ಇದನ್ನು ಕಟ್ಟಿಸಿದರು. ಆ ದೇಶದಲ್ಲಿ ಉಳಿದಿರುವ ಯುರೋಪಿಯನ್ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. 1832ರಲ್ಲಿ ಮಿಷನ್ನಿನ ಕಮ್ಮಾರ ಜೇಮ್ಸ್ ಕೆಂಪ್ ಅವರ ಕುಟುಂಬ ಒಳಗೆ ಬಂದಿತು. 1974ರಲ್ಲಿ ಸರ್ಕಾರಿ ಪರಂಪರೆ ಸಂಸ್ಥೆಗೆ ದಾನ ಕೊಡುವವರೆಗೂ ಮನೆ ಅವರದೇ ಆಗಿತ್ತು. ಮರದ ಮನೆಗೆ ಮನುಷ್ಯರ ವಾಸವೇ ಮದ್ದು: ಸೋರುವ ಮಾಡು, ಕೊಳೆಯುವ ಹಲಗೆ ಅಂದಂದೇ ಕಣ್ಣಿಗೆ ಬೀಳುತ್ತವೆ, ದುರಸ್ತಿಯಾಗುತ್ತವೆ. ನಮ್ಮ ಮಲೆನಾಡಿನ ತೊಟ್ಟಿಮನೆಗಳಿಗೆ ಬೀಗ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾದ ಗಂಡಾಂತರ ಬಂದದ್ದು ಪಕ್ಕದ ನದಿಯಿಂದ. 1981ರ ಪ್ರವಾಹ ಮನೆಗೇ ನುಗ್ಗಿತು. ಹತ್ತಿರದ ರಸ್ತೆ ಸೇತುವೆ ಕಸಕಡ್ಡಿಯನ್ನು ತಡೆದು ನೀರನ್ನು ಅಣೆಕಟ್ಟಿನಂತೆ ಹಿಂದಕ್ಕೆ ಏರಿಸುತ್ತಿತ್ತು. ಕೊನೆಗೆ 2008ರಲ್ಲಿ ಬದಲಿ ರಸ್ತೆ ತೆರೆದು ಆ ಸೇತುವೆಯನ್ನೇ ಕಿತ್ತುಹಾಕಿದರು. ಒಂದು ಹಳೆಯ ಮನೆಗಾಗಿ ಊರು ತನ್ನ ದಾರಿಯನ್ನೇ ಬದಲಿಸಿಕೊಂಡದ್ದು ನನಗೆ ಇಂದಿಗೂ ಅಚ್ಚರಿಯ, ಮೆಚ್ಚುಗೆಯ ಸಂಗತಿ.